ಕಮ್ಮಟ

ಕಥಾಕಮ್ಮಟ, ಕಾವ್ಯಕಮ್ಮಟ, ಅಧ್ಯಾಪಕರ ಕಮ್ಮಟ ಎಂದು ಈಗ ಧಾರಾಳವಾಗಿ ಬಳಕೆಯಾಗುತ್ತಿರುವ ಈ ಶಬ್ದಕ್ಕೆ ಮೂಲದಲ್ಲಿ ವಿದ್ಯೆಯೊಡನೆ ನಂಟೇ ಇರಲಿಲ್ಲ. ಅದು ನಾಣ್ಯವನ್ನು ಅಚ್ಚೊತ್ತುವ ಸ್ಥಾನ, ಎಂದರೆ ಟಂಕಸಾಲೆ. ಸಂಸ್ಕೃತದಿಂದ ಬಂದುದಲ್ಲ, ತಮಿಳಿನ ಕಂಪಟ್ಟಮ್, ಮಲಯಾಳದ ಕಮ್ಮಟ್ಟಮ್ ಎಂಬವುಗಳ ಒಡಹುಟ್ಟು. ಆಳುಪ ಅರಸರ ಹೊನ್ನಿನ ಮೇಲಿನ ಜೋಡಿಮೀನನ್ನೂ ಬಾರಕೂರಿನ ಹೆಸರು ಹೊತ್ತ ಗದ್ಯಾಣವನ್ನೂ ಕಂಡ ನಮ್ಮ ಉಡುಪಿಯ ಸೀಮೆಗೆ ಈ ಕಸುಬು ಹೊಸದೂ ಅಲ್ಲ.

ಆದರೆ ಕಮ್ಮಟದಿಂದ ಹೊರಬೀಳುವ ನಾಣ್ಯಗಳೆಲ್ಲ ಒಂದೇ ಅಚ್ಚಿನವು. ಉಪಾಧ್ಯಾಯರು ಹಾಗಾಗಲೊಲ್ಲರು, ಆಗಲೂಬಾರದು. ಅದರಿಂದ ನನಗೆ, ನಮ್ಮ ಶಾಲೆಗಳ ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ರೂಢಿಯಾಗಿರುವ ‘ಸಮಾಲೋಚನಾ ಸಭೆ’ ಎಂಬ ಮಾತೇ (ಸರಕಾರಿ ಸುತ್ತೋಲೆಯ ವಾಸನೆ ಅದಕ್ಕಿದ್ದರೂ) ಹೆಚ್ಚು ಒಪ್ಪುವಂತೆ ತೋರುತ್ತದೆ. ಲೋಚ್ ಎಂದರೆ ಕಾಣು, ಲೋಚನವೆಂದರೆ ಕಣ್ಣು. ಸಮಾಲೋಚನೆಯೆಂದರೆ ಚೆನ್ನಾಗಿ, ಕೂಡಿ ಕಾಣುವುದು.

ಅಂಥ ಒಂದು ಸಭೆಗೆಂದು ಕಾಪುವಿನ ಕಡೆಯ ಒಬ್ಬ ಉಪಾಧ್ಯಾಯರೂ ಕಾರ್ಕಳದ ಕಡೆಯ ಇನ್ನೊಬ್ಬರೂ ಮಣಿಪಾಲದ ಯಾವುದೋ ಶಾಲೆಯಲ್ಲಿ, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತಿರುವರೆಂದು ಭಾವಿಸೋಣ. ನಡುವೆ ಒಂದು ಹಾಳೆ: 42ರಿಂದ 17 ಕಳೆದರೆ 35 ಎಂದು ಮಗು ಬರೆದಿದೆ. ಅಜಾಗರೂಕತೆ ಎನ್ನುತ್ತಾರೆ ಒಬ್ಬರು. ಇನ್ನೊಬ್ಬರು ಪೆನ್ಸಿಲಿನ ತುದಿಯಿಂದ ಬಿಡಿಸ್ಥಾನವನ್ನು ಮುಟ್ಟಿ, “ಅಲ್ಲ ಮಾರಾಯ್ರೆ, ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲೇ ಎರಡು ಕಳೆದಿದೆ, ನನ್ನ ತರಗತಿಯಲ್ಲೂ ನಾಲ್ಕು ಮಕ್ಕಳು ಹೀಗೆಯೇ ಮಾಡಿದ್ದಾರೆ,” ಎನ್ನುತ್ತಾರೆ. ಮುಂದಿನ ತಿಂಗಳು ಇಬ್ಬರೂ ಕಡ್ಡಿಕಟ್ಟು ಬಿಚ್ಚಿ ದಶಕವನ್ನು ತೋರಿಸಿ, ಮತ್ತೆ ಅದೇ ಲೆಕ್ಕದ ಹಾಳೆಗಳೊಡನೆ ಬರುವುದೆಂದು ಮಾತಾಗುತ್ತದೆ.