ಫೇಜಿನ ಸಂಯಮ

ಗುಬ್ಬಿಯಿಂದ ರೈಲಿನಲ್ಲಾಗಲಿ, ಕುಣಿಗಲಿನಿಂದ ನೆಲಮಂಗಲದ ಮಾರ್ಗವಾಗಿ ಬಸ್ಸಿನಲ್ಲಾಗಲಿ, ತುಮಕೂರಿನಿಂದ ಹೆದ್ದಾರಿಯಲ್ಲಾಗಲಿ ಬೆಂಗಳೂರಿಗೆ ಬರುವವರು ಸಾಮಾನ್ಯವಾಗಿ ಯಶವಂತಪುರವನ್ನು ಹಾದೇ ಬರುತ್ತಾರೆ. ಜನರು ಇಂದಿಗೂ ತುಮಕೂರು ರಸ್ತೆಯೆಂದೇ ಕರೆಯುವ ಆ ಹಾದಿಯ ಸಮೀಪದಲ್ಲಿ, 1909ರಲ್ಲಿ ಸ್ಥಾಪಿತವಾಗಿ ಹಳೆಯ ತಲೆಮಾರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎನ್ನಿಸಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅದರ ಪ್ರಯೋಗಶಾಲೆಗಳಲ್ಲಿ, ಬ್ಯಾಕ್ಟೀರಿಯಾಗಳನ್ನು ಆಕ್ರಮಿಸುವ ವೈರಸ್ಸುಗಳು ತಮ್ಮ ಜೀನುಗಳನ್ನು ಯಾವಾಗ ಪ್ರಕಟಿಸಬೇಕು, ಯಾವಾಗ ಅಡಗಿಸಿಡಬೇಕು ಎಂಬುದನ್ನು ಹೇಗೆ ನಿರ್ಣಯಿಸುತ್ತವೆಂಬ ಪ್ರಶ್ನೆಯ ಸುತ್ತ ದಶಕಗಳ ಕಾಲ ನಡೆದ ಅನ್ವೇಷಣೆಯು, ಕನ್ನಡ ನಾಡಿನ ವಿಜ್ಞಾನದ ಇತಿಹಾಸದಲ್ಲಿ ಇನ್ನಷ್ಟು ಪ್ರಸಿದ್ಧವಾಗಬೇಕಾದ ಅಧ್ಯಾಯವೆಂದು ನಾನು ನಂಬಿದ್ದೇನೆ.

ಈ ವೈರಸ್ಸುಗಳನ್ನು 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟ್ ಗುರುತಿಸಿದನು. 1917ರಲ್ಲಿ ಪ್ಯಾರಿಸ್ಸಿನಲ್ಲಿ ದೆರೆಲ್ ಅವನ್ನು ಸ್ವತಂತ್ರವಾಗಿ ಕಂಡು ಬ್ಯಾಕ್ಟೀರಿಯೋಫೇಜ್ ಎಂಬ ಹೆಸರನ್ನಿತ್ತನು. ಇದೇ ದೆರೆಲ್ 1927ರಲ್ಲಿ ಕಾಲರಾ ಚಿಕಿತ್ಸೆಯ ಪರೀಕ್ಷೆಗಾಗಿ ಪಂಜಾಬಿಗೆ ಬಂದಿದ್ದನು. ಆದರೆ ಫೇಜ್ ಕೇವಲ ಹಂತಕನಲ್ಲ, ಆತಿಥೇಯ ಕೋಶದೊಳಗೆ ತಲೆಮಾರುಗಟ್ಟಲೆ ನಿದ್ರಿಸಿಯೂ ಇರಬಲ್ಲದೆಂಬುದು ನಿಸ್ಸಂದೇಹವಾಗಿ ಸ್ಥಾಪಿತವಾದುದು ಫ್ರಾನ್ಸಿನ ಲ್ವಾಫ್ 1950ರ ಸುಮಾರಿಗೆ ನಡೆಸಿದ ಪ್ರಯೋಗಗಳಿಂದ. ಎಸ್ತರ್ ಲೆಡರ್‌ಬರ್ಗ್ ಕಂಡುಹಿಡಿದ ಲ್ಯಾಂಬ್ಡಾ ಫೇಜಿನಲ್ಲಿ ಆ ನಿದ್ರೆಯನ್ನು ಕಾಯುವ ದಮನಕಾರಿ ಪ್ರೋಟೀನನ್ನು 1967ರಲ್ಲಿ ಮಾರ್ಕ್ ಟಾಶ್ನೆ ಬೇರ್ಪಡಿಸಿದನು. ಅದು ಡಿಎನ್‌ಎಯ ನಿಯತಸ್ಥಾನಗಳ ಮೇಲೆ ಕುಳಿತಿರುವವರೆಗೆ ವಿನಾಶದ ಜೀನುಗಳು ಮೌನವಾಗಿರುತ್ತವೆ. ನೇರಳಾತೀತ ಕಿರಣಗಳಿಂದ ಕೋಶದ ಡಿಎನ್‌ಎಗೆ ಘಾತವಾದಾಗ ಆ ಪ್ರೋಟೀನು ತುಂಡಾಗಿ, ಫೇಜ್ ಎಚ್ಚೆತ್ತು, ತನ್ನನ್ನೇ ಬಹುಗುಣಗೊಳಿಸಿಕೊಂಡು ಕೋಶವನ್ನೊಡೆದು ಹೊರಬರುತ್ತದೆ.

ಎಚ್ಚೆತ್ತ ಮೇಲೂ ಎಲ್ಲ ಜೀನುಗಳು ಒಮ್ಮೆಗೇ ತೆರೆದುಕೊಳ್ಳುವುದಿಲ್ಲ. ಕುಣಿಗಲ್ ಕೆರೆಯಂಥ ದೊಡ್ಡ ಕೆರೆಯ ಕೆಳಗೆ ಯಾವ ತೂಬು ಎಂದು ಬಿಚ್ಚಬೇಕು, ಯಾವ ಗದ್ದೆಗೆ ಮೊದಲು ನೀರು ಹರಿಯಬೇಕು ಎಂಬ ಕ್ರಮವನ್ನು ನೀರುಗಂಟಿಯು ಹೇಗೆ ಕಾಯುತ್ತಿದ್ದನೋ ಹಾಗೆಯೇ ಇಲ್ಲಿಯೂ ಒಂದು ಕ್ರಮವಿದೆ; ಆದರೆ ಇಲ್ಲಿ ಬೇರೊಬ್ಬ ನೀರುಗಂಟಿಯಿಲ್ಲ, ಮೊದಲು ತೆರೆದ ಜೀನಿನ ಫಲವಾದ ಪ್ರೋಟೀನೇ ಮುಂದಿನದನ್ನು ತೆರೆಯುತ್ತದೆ. ಈ ವಿಷಯದ ಸಮಸ್ತ ಸೌಂದರ್ಯವೂ ಇದರಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ.

ಬೆಂಗಳೂರಿನ ಸಂಸ್ಥೆಯಲ್ಲಿ ಟಿ. ರಾಮಕೃಷ್ಣನ್ ಅವರ ತಂಡವು ಕ್ಷಯದ ಬ್ಯಾಕ್ಟೀರಿಯಾದ ನಿರಪಾಯಕಾರಿ ಬಂಧುವೊಂದರಲ್ಲಿ, ಐ-3 ಎಂಬ ಫೇಜ್ ಒಂದು ಕೋಶದ ಜೀನುಗಳನ್ನು ಇನ್ನೊಂದಕ್ಕೆ ಒಯ್ಯುತ್ತದೆಂದು 1970ರಲ್ಲಿ ಪ್ರಕಟಿಸಿತು. ಆ ಫೇಜಿನ ಅಧ್ಯಯನವನ್ನು ಕೆ.ಪಿ. ಗೋಪೀನಾಥನ್ ಅವರು ಮುಂದುವರಿಸಿದರು. ಆದರೆ ನಿಯಂತ್ರಣದ ಸೂಕ್ಷ್ಮವನ್ನು ಅರಿಯಬಯಸುವವರು ವಿಶೇಷವಾಗಿ ಗಮನಿಸಬೇಕಾದುದು, ವಿ. ನಾಗರಾಜ ಅವರ ತಂಡವು ಮ್ಯೂ ಎಂಬ ಫೇಜಿನ ಮೇಲೆ ಮಾಡಿದ ಕೆಲಸವನ್ನು. 1963ರಲ್ಲಿ ಅಮೆರಿಕದ ಟೇಲರ್ ವರದಿ ಮಾಡಿದ ಈ ಫೇಜ್, ಆತಿಥೇಯನ ಡಿಎನ್‌ಎಯಲ್ಲಿ ಎಲ್ಲಿ ಬೇಕೆಂದರಲ್ಲಿ ಸೇರಿಕೊಂಡು ಅಲ್ಲಿಯ ಜೀನನ್ನು ಕೆಡಿಸುತ್ತದೆ.

ಮ್ಯೂ ಫೇಜಿನಲ್ಲಿ ಮಾಮ್ ಎಂಬ ಜೀನೊಂದಿದೆ. ಅದರ ಪ್ರೋಟೀನು ಫೇಜಿನ ಡಿಎನ್‌ಎಯಲ್ಲಿರುವ ಅಡೆನೀನಿನ ಒಂದು ಪಾಲನ್ನು ರೂಪಾಂತರಿಸುವುದರಿಂದ, ಬ್ಯಾಕ್ಟೀರಿಯಾಗಳು ಪರಕೀಯ ಡಿಎನ್‌ಎಯನ್ನು ಕತ್ತರಿಸಲು ಇಟ್ಟುಕೊಂಡಿರುವ ಕಿಣ್ವಗಳು ಅದನ್ನು ಕತ್ತರಿಸಲಾರವು. ಆದರೆ ಅದೇ ಪ್ರೋಟೀನು ಅಕಾಲದಲ್ಲಿ ಉತ್ಪನ್ನವಾದರೆ ಆತಿಥೇಯ ಕೋಶಕ್ಕೆ ಅಪಾಯ. ಫೇಜಿನ ಸಂತತಿ ಸಿದ್ಧವಾಗುವ ಮೊದಲೇ ಕೋಶವು ಸತ್ತರೆ ಫೇಜಿಗೂ ನಾಶವೇ ಗತಿ. ಆದುದರಿಂದ ಈ ಒಂದು ಜೀನಿಗೆ ಹಲವು ಮೆಟ್ಟಿಲುಗಳ ಕಾವಲಿದೆ. ಆತಿಥೇಯನ ಆಕ್ಸಿಆರ್ ಎಂಬ ಪ್ರೋಟೀನು ಜೀನಿನ ಮುಂದೆ ಕುಳಿತು ತಡೆಯುತ್ತದೆ. ಆ ಸ್ಥಾನದ ಡಿಎನ್‌ಎಗೆ ಮೀಥೈಲ್ ಗುಂಪು ಸೇರಿದರೆ ಮಾತ್ರ ಆ ತಡೆ ತಪ್ಪುತ್ತದೆ. ಅನಂತರವೂ ಜೀನನ್ನು ಓದಬೇಕಾದ ಆರ್‌ಎನ್‌ಎ ಪಾಲಿಮರೇಸ್ ಅಲ್ಲಿ ಸರಿಯಾಗಿ ನೆಲೆಗೊಳ್ಳದು, ಏಕೆಂದರೆ ಅದು ಹಿಡಿಯಬೇಕಾದ ಎರಡು ಗುರುತುಗಳ ನಡುವಣ ಅಂತರ ಸಾಮಾನ್ಯವಾದ 17ರ ಬದಲು 19 ಬೇಸ್ ಜೋಡಿಗಳಷ್ಟಿದೆ. ಈ ತೊಡಕನ್ನು ಬಿಡಿಸುವುದು ಫೇಜಿನದೇ ಆದ ಸಿ ಪ್ರೋಟೀನು. ಅದು ಡಿಎನ್‌ಎಯ ತಿರುಚನ್ನು ಕೊಂಚ ಬಿಚ್ಚಿ ಗುರುತುಗಳನ್ನು ಹೊಂದಿಕೆಗೆ ತರುತ್ತದೆಂದು ನಾಗರಾಜ ಅವರ ತಂಡವು 2001ರಲ್ಲಿಯೂ, ಓದು ಆರಂಭವಾದ ಮೇಲೆ ಪಾಲಿಮರೇಸ್ ಆ ಸ್ಥಳವನ್ನು ಬಿಟ್ಟು ಮುಂದೆ ಸಾಗುವುದಕ್ಕೂ ಅದೇ ಪ್ರೋಟೀನು ನೆರವಾಗುತ್ತದೆಂದು 2006ರಲ್ಲಿಯೂ ತಿಳಿಸಿತು. ಇಷ್ಟಾದರೂ ಸಂದೇಶವಾಹಕ ಆರ್‌ಎನ್‌ಎಯು ತನ್ನ ಆರಂಭಸಂಕೇತವನ್ನು ಮಡಿಕೆಯೊಳಗೆ ಅಡಗಿಸಿಕೊಂಡಿರುತ್ತದೆ. ಕಾಮ್ ಎಂಬ ಇನ್ನೊಂದು ಪ್ರೋಟೀನು ಬಂದು ಆ ಮಡಿಕೆಯನ್ನು ಬಿಚ್ಚಬೇಕು. ಈ ಕೊನೆಯ ಮೆಟ್ಟಿಲನ್ನು ಜರ್ಮನಿಯ ರೆಗಿನೆ ಕಾಹ್ಮನ್ ಅವರ ತಂಡವು ವಿಶದಪಡಿಸಿತು.

ಕೆಲವೇ ಹತ್ತು ಜೀನುಗಳ ಒಂದು ವಸ್ತುವಿನಲ್ಲಿ, ಜೀವವಿದೆಯೋ ಇಲ್ಲವೋ ಎಂದು ಪಂಡಿತರು ಇನ್ನೂ ವಾದಿಸುತ್ತಿರುವ ಒಂದು ಕಣದಲ್ಲಿ, ಇಂಥ ಸಂಯಮವಿರುವುದನ್ನು ಕಂಡು ಬೆರಗಾಗದಿರುವುದು ನನಗಂತೂ ಸಾಧ್ಯವಿಲ್ಲ.

ತುಮಕೂರು ಸೀಮೆಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿಯಿದೆ. ಫೇಜುಗಳಿಲ್ಲದ ಕೆರೆಯಿಲ್ಲ. ತುಮಕೂರಿನ ಅಮಾನಿಕೆರೆಯ ನೀರನ್ನಾಗಲಿ, ಗುಬ್ಬಿ ಕುಣಿಗಲುಗಳ ಕೆರೆಗಳ ನೀರನ್ನಾಗಲಿ ತಂದು, ಬ್ಯಾಕ್ಟೀರಿಯಾಗಳು ದಾಟದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ನಿರಪಾಯಕಾರಿಯಾದ ಪ್ರಯೋಗಶಾಲೆಯ ಬ್ಯಾಕ್ಟೀರಿಯಾದೊಡನೆ ಬೆರೆಸಿ, ಅಗರ್ ತಟ್ಟೆಯ ಮೇಲೆ ಹರಡಿ ಒಂದು ರಾತ್ರಿ ಬಿಟ್ಟರೆ, ಮರುದಿನ ಫೇಜುಗಳು ಬ್ಯಾಕ್ಟೀರಿಯಾವನ್ನು ಕೊಂದೆಡೆಗಳಲ್ಲಿ ಬರಿದಾದ ವೃತ್ತಗಳು ಕಾಣಬಹುದು. ಅವುಗಳಲ್ಲಿ ಕೆಲವು ಸ್ವಚ್ಛವಾಗಿಯೂ, ಕೆಲವು ನಡುವೆ ಮಸುಕಾಗಿಯೂ ಇದ್ದಲ್ಲಿ, ಆ ಮಸುಕಿನಲ್ಲಿ ಫೇಜನ್ನು ಒಡಲಲ್ಲಿ ಅಡಗಿಸಿಕೊಂಡು ಬದುಕುಳಿದ ಬ್ಯಾಕ್ಟೀರಿಯಾಗಳಿರುವ ಸಂಭವವುಂಟು. ಈ ಪ್ರಯೋಗವನ್ನು ವಿದ್ಯಾರ್ಥಿಗಳಿಂದ ಒಮ್ಮೆ ಮಾಡಿಸಿರಿ.