ಬಳ್ಳಾರಿ ರಾಘವ

ಬಳ್ಳಾರಿ ರಾಘವ (2 ಆಗಸ್ಟ್ 1880 – 16 ಏಪ್ರಿಲ್ 1946): ರಂಗನಟ, ವೃತ್ತಿಯಿಂದ ವಕೀಲ. ಪೂರ್ಣ ಹೆಸರು ತಾಡಪತ್ರಿ ರಾಘವಾಚಾರ್ಯ. ದುರ್ಯೋಧನ, ಹಿರಣ್ಯಕಶಿಪು, ಪಠಾಣ ರುಸ್ತುಂ, ಷೈಲಾಕ್, ಒಥೆಲೊ ಪಾತ್ರಗಳಿಂದ ಹೆಸರಾದವರು. ಪಾತ್ರದ ಸ್ವಭಾವವನ್ನು ಒಳಗಿನಿಂದ ಹಿಡಿದು ಆಡುವ ನಟನೆಗೆ ದಕ್ಷಿಣ ಭಾರತದ ರಂಗಭೂಮಿಯಲ್ಲಿ ದಾರಿ ಮಾಡಿಕೊಟ್ಟ ಮೊದಲಿಗರಲ್ಲಿ ಒಬ್ಬರು.

ಹುಟ್ಟಿದ್ದು ತಾಡಪತ್ರಿಯಲ್ಲಿ. ಊರು ಇಂದು ಆಂಧ್ರಪ್ರದೇಶದಲ್ಲಿರುವುದರಿಂದ ರಾಘವ ಹೊರಗಿನಿಂದ ಬಳ್ಳಾರಿಗೆ ಬಂದವರೆಂದು ತಿಳಿಯುವುದು ಸಹಜ. ಆದರೆ ಅನಂತಪುರ ಜಿಲ್ಲೆ ರಚನೆಯಾದದ್ದು 1882ರಲ್ಲಿ, ಅದೂ ಬಳ್ಳಾರಿ ಜಿಲ್ಲೆಯನ್ನೇ ಒಡೆದು. 1880ರಲ್ಲಿ ತಾಡಪತ್ರಿ ಬಳ್ಳಾರಿ ಜಿಲ್ಲೆಯದೇ ಊರು. ಹಾಗಾಗಿ ರಾಘವ ಹುಟ್ಟಿನಿಂದಲೂ ಬಳ್ಳಾರಿ ಜಿಲ್ಲೆಯವರು. ಈ ಸೀಮೆಯವರಿಗೆ ಇದು ಹೊಸತಲ್ಲ: ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆ ಸೇರಿತು. ಇಲ್ಲಿಯ ಕಲಾವಿದರ ಪರಿಚಯ ಬರೆಯುವವರು ಹುಟ್ಟಿದ ವರ್ಷ ನೋಡದೆ ಜಿಲ್ಲೆಯ ಹೆಸರು ಹಾಕಬಾರದು.

ಮದರಾಸಿನಲ್ಲಿ ಓದಿ ವಕೀಲರಾದ ರಾಘವ ಬಳ್ಳಾರಿಯಲ್ಲಿ ವಕೀಲಿ ನಡೆಸಿದರು. ಬಣ್ಣ ಹಚ್ಚುವ ಗೀಳು ಮನೆಯಿಂದಲೇ ಬಂದದ್ದು. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯ ಸರಸವಿನೋದಿನೀ ಸಭೆಯ ಮೂಲಪುರುಷರು. ಅದೇ ಊರಿನ ಇನ್ನೊಂದು ಸಭೆ, ಸುಮನೋರಮ ಸಭೆ, ಕೋಲಾಚಲಂ ಶ್ರೀನಿವಾಸರಾಯರದು, ಅವರೂ ವಕೀಲರೇ. ರಾಘವ ಪಠಾಣನಾಗಿ ಪ್ರಸಿದ್ಧರಾದ ವಿಜಯನಗರ ಪತನದ ನಾಟಕ ಕೋಲಾಚಲಂ ಅವರದು. ಹಂಪಿಯ ಹಾಳುಗೋಡೆಗಳನ್ನು ದಿನವೂ ಕಾಣುವ ಜಿಲ್ಲೆಯ ಜನಕ್ಕೆ ಆ ಕಥೆ ಎಷ್ಟು ನಾಟಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಅವರ ಅಭಿನಯದ ಹೊಸತನ ತಿಳಿಯಲು ಅಂದಿನ ರೂಢಿ ಗೊತ್ತಿರಬೇಕು. ಆಗ ಮಾತಿಗಿಂತ ಪದ್ಯಕ್ಕೆ ಹೆಚ್ಚು ಬೆಲೆ. ಕೋಪ ನೆತ್ತಿಗೇರಿದ ರಾಜ ಸಂಭಾಷಣೆಯ ನಡುವೆ ತಡೆದು ನಿಲ್ಲುತ್ತಾನೆ, ಹಾರ್ಮೋನಿಯಂ ಶ್ರುತಿ ಕೊಡುತ್ತದೆ, ಆಲಾಪ ಎದ್ದು ನಾಲ್ಕು ಸಾಲಿನ ಪದ್ಯ ಹತ್ತು ನಿಮಿಷ ಬೆಳೆಯುತ್ತದೆ. ಜನ ‘ವನ್ಸ್‌ಮೋರ್’ ಎಂದರೆ ಸತ್ತುಬಿದ್ದ ವೀರನೂ ಎದ್ದು ಕೂತು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು. ರಾಘವ ಪದ್ಯವನ್ನು ಮಾತಿನ ಏರಿಳಿತಕ್ಕೆ ಇಳಿಸಿದರು. ರಾಗ ಎಳೆಯುವುದನ್ನು ಬಿಟ್ಟು ನೋಟಕ್ಕೆ, ಕೈಬೆರಳಿಗೆ, ಮೌನಕ್ಕೆ ಕೆಲಸ ಕೊಟ್ಟರು. ಸಂಗೀತವೇ ನಾಟಕವಾಗಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಪಟ್ಟುಹಿಡಿದು ಮಾಡಿಸಿದ್ದೂ ಅವರ ದೊಡ್ಡ ಕೊಡುಗೆ.

ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಜೊತೆಗಿನ ನಂಟು, ಗಾಂಧೀಜಿಯವರು ನೋಡಿದ ಹಿಂದಿ ನಾಟಕ ‘ದೀನಬಂಧು ಕಬೀರ್’, ಇಂಗ್ಲೆಂಡ್ ಪ್ರವಾಸ, ಬರ್ನಾರ್ಡ್ ಷಾ ಭೇಟಿ ಇವೆಲ್ಲ ಅವರ ಬಗೆಗಿನ ಬರಹಗಳಲ್ಲಿ ಬೇಕಾದಷ್ಟು ಬಂದಿವೆ. ಸಿನಿಮಾಗಳು ಮೂರು: ‘ದ್ರೌಪದೀ ಮಾನಸಂರಕ್ಷಣಂ’ (1936), ಜಮೀನ್ದಾರಿಯನ್ನು ಎದುರಿಸಿದ ‘ರೈತುಬಿಡ್ಡ’ (1939), ‘ಚಂಡಿಕ’ (1940). 1936ರಲ್ಲೇ ‘ದ್ರೌಪದೀ ವಸ್ತ್ರಾಪಹರಣಂ’ ಎಂಬ ಇನ್ನೊಂದು ಚಿತ್ರವೂ ಪೈಪೋಟಿಗೆ ತೆರೆಕಂಡಿತು; ರಾಘವ ದುರ್ಯೋಧನನಾದದ್ದು ಮೊದಲನೆಯದರಲ್ಲಿ.

ರಾಘವ ತೆಲುಗು ನಟರೋ ಕನ್ನಡದವರೋ ಎಂಬ ಪ್ರಶ್ನೆ ಅವರು ತೀರಿಕೊಂಡ ಮೇಲೆ ಬಲವಾಯಿತು. ಬಳ್ಳಾರಿ ಪಟ್ಟಣದ ಸಭೆಗಳ ರಂಗಭಾಷೆ ಮುಖ್ಯವಾಗಿ ತೆಲುಗು. ಅದೇ ಜಿಲ್ಲೆಯ ಪಡುವಣದ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲ್ಲೂಕುಗಳದು ಅಚ್ಚಗನ್ನಡ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. 1953ರ ಅಕ್ಟೋಬರ್ 1ರಂದು ಜಿಲ್ಲೆ ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಪಡುವಣ ತಾಲ್ಲೂಕುಗಳು ಮೈಸೂರಿಗೆ ಸೇರುವ ಬಗ್ಗೆ ತಕರಾರು ಇರಲಿಲ್ಲ. ಜಗ್ಗಾಟ ನಡೆದದ್ದು ರಾಘವರ ಬಳ್ಳಾರಿ ತಾಲ್ಲೂಕಿಗಾಗಿ. ಅದು ಕೊನೆಗೆ ಮೈಸೂರಿಗೆ ಬಂತು. ಹೀಗೆ ಅವರ ಊರು ಕರ್ನಾಟಕದಲ್ಲಿ ಉಳಿಯಿತು, ಅವರ ನಾಟಕಗಳು ಹೆಚ್ಚಾಗಿ ತೆಲುಗು ರಂಗಚರಿತ್ರೆಯ ಪುಟ ಸೇರಿದವು. ಎರಡು ಭಾಷೆಯ ಊರಿನಲ್ಲಿ ಬೆಳೆದ ನಟನನ್ನು ಒಂದೇ ಭಾಷೆಗೆ ಬರೆದುಕೊಡುವುದು ಆ ಊರಿಗೇ ಮಾಡುವ ಅನ್ಯಾಯ.

ಪಡುವಣ ತಾಲ್ಲೂಕುಗಳ ರಂಗದ ಜಾಡು ಬೇರೆ: ಸುಗ್ಗಿ ಮುಗಿದ ಮೇಲಿನ ಬಯಲಾಟ, ಕೊಟ್ಟೂರೇಶ್ವರ ಮತ್ತು ಮೈಲಾರಲಿಂಗನ ಜಾತ್ರೆ, ಕಂಪನಿ ನಾಟಕದ ಡೇರೆ. ಊರ ಹುಡುಗರು ಮಾಸ್ತರರಿಂದ ಮಾತು ಕಲಿತು ನಾಟಕ ಕಟ್ಟಿದಾಗ ನಾಯಕಿಯ ಪಾತ್ರಕ್ಕೆ ಮರಿಯಮ್ಮನಹಳ್ಳಿಯಂಥ ಊರುಗಳಿಂದ ವೃತ್ತಿ ಕಲಾವಿದೆಯರನ್ನು ಕರೆಸುವ ರೂಢಿ ಬೆಳೆಯಿತು. ಪಟ್ಟಣದ ಸಭೆಯಲ್ಲಿ ರಾಘವ ಪಟ್ಟುಹಿಡಿದು ಮಾಡಿಸಿದ್ದು ಇಲ್ಲಿ ಆ ಕಲಾವಿದೆಯರ ದುಡಿಮೆಯಿಂದಲೇ ನೆಲೆಗೊಂಡಿತು.

1981ರಲ್ಲಿ ಭಾರತೀಯ ಅಂಚೆ ರಾಘವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಬಳ್ಳಾರಿಯ ರಾಘವ ಕಲಾಮಂದಿರಕ್ಕೆ ಅವರದೇ ಹೆಸರು. ವಕೀಲಿಯ ಜೊತೆಗೆ ರಂಗದ ನಂಟನ್ನೂ ಹೊತ್ತ ಇನ್ನೊಬ್ಬರು ಮುಂದೆ ಪಡುವಣದಲ್ಲೂ ಕಾಣಿಸಿಕೊಂಡರು: ಹೂವಿನಹಡಗಲಿಯಲ್ಲಿ ರಂಗಭಾರತಿ ಕಟ್ಟಿದ ಎಂ. ಪಿ. ಪ್ರಕಾಶ್ (1940–2011).