ಕೂಲಿಂಗ್ ಟವರ್ ನೀರಿನ ಸಂಸ್ಕರಣೆ

ನೀರಿನ ಒಂದಂಶವನ್ನು ಆವಿಯಾಗಿಸಿ ಉಳಿದದ್ದನ್ನು ತಣಿಸುವ ಗೋಪುರಗಳಲ್ಲಿ ಉಪ್ಪುಕರೆ, ತುಕ್ಕು, ಲೋಳೆ ಮತ್ತು ರೋಗಾಣುಗಳನ್ನು ತಡೆಯುವ ವಿಧಾನ. ಆವಿಯಾಗುವುದು ಶುದ್ಧ ನೀರು ಮಾತ್ರ. ಕ್ಯಾಲ್ಸಿಯಂ, ಸಿಲಿಕಾ ಮೊದಲಾದವು ತೊಟ್ಟಿಯಲ್ಲೇ ಉಳಿದು ಸಾಂದ್ರವಾಗುತ್ತವೆ. ಮನೆಯ ಏರ್ ಕೂಲರ್‌ನ ಹುಲ್ಲಿನ ಪ್ಯಾಡಿಗೆ ಬೇಸಿಗೆ ಮುಗಿಯುವಷ್ಟರಲ್ಲಿ ಕಟ್ಟುವ ಬಿಳಿ ಕರೆ ಇದೇ. ಬೋರ್‌ವೆಲ್ಲಿನ ಗಡಸು ನೀರಾದರೆ ಕರೆ ಇನ್ನೂ ಬೇಗ ಕಟ್ಟುತ್ತದೆ.

ಆದ್ದರಿಂದ ಸಾಂದ್ರ ನೀರನ್ನು ಆಗಾಗ ಹೊರಬಿಟ್ಟು ಹೊಸ ನೀರು ತುಂಬುತ್ತಾರೆ; ಇದು ಬ್ಲೋಡೌನ್. 100 ಲೀಟರ್ ಆವಿಯಾದಾಗ ಲವಣಾಂಶವನ್ನು ಹೊಸ ನೀರಿನ 3 ಪಟ್ಟಿಗೆ ಮಿತಿಗೊಳಿಸಲು 50 ಲೀಟರ್ ಚೆಲ್ಲಬೇಕು. 6 ಪಟ್ಟಿಗೆ ಬಿಟ್ಟರೆ 20 ಲೀಟರ್ ಸಾಕು. ನೀರಿನ ಉಳಿತಾಯವೆಲ್ಲ ಈ ಲೆಕ್ಕದಲ್ಲಿದೆ. ಆದರೆ ಅತಿಯಾಸೆಗೆ ಕೊಳವೆಗಳು ಕರೆಗಟ್ಟಿ ಬೆಲೆ ತೆರುತ್ತವೆ. ತುಕ್ಕು ತಡೆಗೆ ಹಿಂದೆ ಬಳಸುತ್ತಿದ್ದ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಹವಾನಿಯಂತ್ರಣದ ಗೋಪುರಗಳಲ್ಲಿ ಅದನ್ನು ಅಮೆರಿಕ 1990ರಲ್ಲಿ ನಿಷೇಧಿಸಿತು.

ಹೆಚ್ಚಿನ ಅಪಾಯ ಲೀಜನೆಲ್ಲಾ ಬ್ಯಾಕ್ಟೀರಿಯಾದ್ದು. ಬೆಚ್ಚನೆಯ ನೀರಿನ ಲೋಳೆಯಲ್ಲಿ ಬೆಳೆದು, ಗೋಪುರದ ಸೂಕ್ಷ್ಮ ಹನಿಗಳೊಂದಿಗೆ ಶ್ವಾಸಕೋಶ ಸೇರಿ ನ್ಯುಮೋನಿಯಾ ತರುತ್ತದೆ. 2015ರಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಒಂದು ಕಟ್ಟಡದ ಗೋಪುರದಿಂದ ಹರಡಿದ ಸೋಂಕಿಗೆ ಹತ್ತಕ್ಕೂ ಹೆಚ್ಚು ಜನ ಬಲಿಯಾದರು. ಅದೇ ವರ್ಷ ನಗರವು ಗೋಪುರಗಳ ನೋಂದಣಿ, ಪರೀಕ್ಷೆಗಳನ್ನು ಕಡ್ಡಾಯಗೊಳಿಸಿತು. ಕ್ಲೋರಿನ್ ಸಾಮಾನ್ಯ ಮದ್ದು. ಪಿಎಚ್ 8 ದಾಟಿದರೆ ಅದರ ಕಸುವು ಕುಗ್ಗುವುದರಿಂದ ಅಲ್ಲಿ ಬ್ರೋಮಿನ್ ಮೇಲು. ತಳದ ಕೆಸರನ್ನು ತೆಗೆಯದಿದ್ದರೆ ಎರಡೂ ವ್ಯರ್ಥ.